ಅವರು ಏನು ಸಂಶೋಧನೆ ಮಾಡಿಸಿದ್ರು ಮೇಡಂ?

ನಿನ್ನೆ ಸಂಜೆ ದಾವಣಗೆರೆಯಲ್ಲಿ ಒಂದು ಅಭಿನಂದನಾ ಸಮಾರಂಭಕ್ಕೆ ಹೋಗಿದ್ದೆ. ಬಂದಾಗಿನಿಂದ ಮನಸ್ಸು ಸರಿಯಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಬರೆದುಬಿಡೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಬಿಡುವಿದ್ದಾಗ ಓದಿ.

ಸನ್ಮಾನ ನಮ್ಮ ಜಿಲ್ಲೆಯವರೇ ಆದ ಒಬ್ಬ ಹಿರಿಯರಿಗೆ. ಹೊರಗಿನ ವಿಶ್ವವಿದ್ಯಾಲಯವೊಂದರಲ್ಲಿ ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ, ಸಂಶೋಧನಾ ನಿರ್ದೇಶಕರಾಗಿ, ಕುಲಸಚಿವರಾಗಿ ಕೆಲಸ ಮಾಡಿ ನಿವೃತ್ತರಾದವರು. ಹೆಸರು ಬೇಡ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಷ್ಟದಲ್ಲಿ ಓದಿದವರು, ಕೈ ಶುದ್ಧ ಇಟ್ಟುಕೊಂಡವರು ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬುತ್ತೇನೆ. ನನ್ನ ಸಂಕಟ ಬೇರೆ. ಎರಡು ಗಂಟೆ ಅವರ ಬಗ್ಗೆ ಮಾತಾಡಿದವರು ಏನು ಹೇಳಿದರು, ಏನನ್ನು ಬಿಟ್ಟರು ಅನ್ನುವುದೇ ನನ್ನನ್ನು ಕೊರೆಯುತ್ತಿದೆ.

ಯಾವ ವರ್ಷ ಯಾವ ಹುದ್ದೆ ಅಂತ ಹೇಳಿದರು. ಅವರ ಕಾಲದಲ್ಲಿ ಎದ್ದ ಕಟ್ಟಡಗಳನ್ನು ಹೇಳಿದರು. ಹೋಗಿ ಬಂದ ದೇಶಗಳು, ಕೂತ ಸಮಿತಿಗಳು, ಮಾರ್ಗದರ್ಶನ ಮಾಡಿದ ಪಿಎಚ್‌ಡಿಗಳು, ಪ್ರಕಟವಾದ ಪ್ರಬಂಧಗಳ ಸಂಖ್ಯೆ. ಪೇಟ, ಶಾಲು, ಹಣ್ಣಿನ ಬುಟ್ಟಿ. ಎಲ್ಲ ಆಯಿತು.

ನನ್ನ ಪಕ್ಕದ ಕುರ್ಚಿಯಲ್ಲಿ ಜಗಳೂರು ಕಡೆಯ ಒಬ್ಬ ರೈತರು ಕೂತಿದ್ದರು. ಅರವತ್ತು ದಾಟಿದ ವಯಸ್ಸು. ಸನ್ಮಾನಿತರಿಗೆ ದೂರದ ಸಂಬಂಧ ಅಂತೆ. ಎಪಿಎಂಸಿಗೆ ಬಂದವರು ಹಾಗೇ ಸಮಾರಂಭಕ್ಕೂ ಬಂದಿದ್ದರು. ನಾನು ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುವವಳು ಅಂತ ಗೊತ್ತಾದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಸಂಶೋಧನಾ ನಿರ್ದೇಶಕರು ಅಂತಾರಲ್ಲ, ಅವರು ಏನು ಸಂಶೋಧನೆ ಮಾಡಿಸಿದ್ರು ಮೇಡಂ? ನಮ್ಮ ಕಡೆಗೆ ಏನಾದ್ರೂ ಬಂತಾ?"

ಅದರಲ್ಲಿ ಕುಹಕ ಇರಲಿಲ್ಲ. ತಮ್ಮ ಸಂಬಂಧಿಕರ ಬಗ್ಗೆ ಹೆಮ್ಮೆ ಪಡಲು ಅವರಿಗೆ ಒಂದು ವಿಷಯ ಬೇಕಿತ್ತು, ಅಷ್ಟೇ. ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೂ ಮೂರು ಜನ ಮಾತಾಡುವವರಿದ್ದರು. ಯಾರಾದರೂ ಹೇಳುತ್ತಾರೆ ಅಂತ ಕಿವಿಗೊಟ್ಟು ಕೂತೆ. ಯಾರೂ ಹೇಳಲಿಲ್ಲ.

ನಡುವೆ ಅವರು ಅಂಗಿ ಜೇಬಿನಿಂದ ನಾಲ್ಕು ಕಾಳು ಮೆಕ್ಕೆಜೋಳ ತೆಗೆದರು. ಬೆಳಿಗ್ಗೆ ದಲಾಲಿ ಅಂಗಡಿಗೆ ತೋರಿಸಲು ತಂದಿದ್ದ ಮಾದರಿ. ಒಂದನ್ನು ಹಲ್ಲಿಗಿಟ್ಟು ಕಚ್ಚಿದರು. "ಕಟ್ ಅಂದ್ರೆ ಒಣಗಿದೆ ಅಂತ. ಹಲ್ಲು ಮೆತ್ತಗೆ ಕೂತ್ರೆ ಇನ್ನೂ ಬಿಸಿಲು ಬೇಕು." ಅವರ ಹಲ್ಲಿಗೆ ಕಟ್ ಅಂದ ಕಾಳು ಅಂಗಡಿಯ ತೇವಾಂಶ ನೋಡುವ ಮೀಟರ್‌ನಲ್ಲಿ ಶೇಕಡಾ ಹದಿನೇಳು ತೋರಿಸಿತಂತೆ. ಹದಿನಾಲ್ಕಕ್ಕಿಂತ ಮೇಲೆ ಹೋದರೆ ದರ ಇಳಿಯುತ್ತದೆ. ಐದು ದಿನ ಸರ್ವಿಸ್ ರಸ್ತೆಯಲ್ಲಿ ಹರಡಿ, ರಾತ್ರಿ ತಾಡಪಾಲು ಹೊದಿಸಿ, ಪಕ್ಕದಲ್ಲೇ ಮಲಗಿ ಒಣಗಿಸಿದ ಕಾಳು ಅದು. "ಮೀಟರ್ ಸುಳ್ಳು ಹೇಳ್ತದೋ ನನ್ನ ಹಲ್ಲು ಸುಳ್ಳು ಹೇಳ್ತದೋ, ಯಾರನ್ನ ಕೇಳಲಿ?" ಅಂದರು.

ನೋಡಿ, ಇದು ಸಂಶೋಧನೆಯ ಪ್ರಶ್ನೆ. ಅಳತೆಯ ಪ್ರಶ್ನೆ. ಮಳೆಗಾಲದ ಕೊನೆಯಲ್ಲಿ ಕಟಾವಿಗೆ ಬರುವ ಬೆಳೆಯನ್ನು ಬಿಸಿಲಿಲ್ಲದ ದಿನ ಕಡಿಮೆ ಖರ್ಚಿನಲ್ಲಿ ಒಣಗಿಸುವುದು ಹೇಗೆ ಅನ್ನುವ ಪ್ರಶ್ನೆ. ಹಸಿ ಕಾಳಿಗೆ ಬೂಷ್ಟು ಹಿಡಿದರೆ ವಿಷ ಹುಟ್ಟುತ್ತದೆ, ಅದು ಕೋಳಿ ಆಹಾರದ ದಾರಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಮೆಕ್ಕೆಜೋಳ ಇಷ್ಟು ಬೆಳೆಯುವ ಜಿಲ್ಲೆ ನಮ್ಮದು. ಈ ಪ್ರಶ್ನೆಗಳನ್ನು ನಮ್ಮ ಹುಡುಗರು ಕೈಗೆತ್ತಿಕೊಳ್ಳದೆ ಇನ್ಯಾರು ಎತ್ತಿಕೊಳ್ಳಬೇಕು?

ಅಷ್ಟರಲ್ಲಿ ಒಬ್ಬರು ಮೈಕಿನಲ್ಲಿ "ನಮ್ಮ ಮಧ್ಯ ಕರ್ನಾಟಕ ಇನ್ನೊಂದು ಸಿಲಿಕಾನ್ ವ್ಯಾಲಿ ಆಗಬೇಕು" ಅಂದರು. ಚಪ್ಪಾಳೆ ಬಿತ್ತು. ನನಗೆ ಅಲ್ಲೇ ಎದ್ದು ಫ್ರೆಡರಿಕ್ ಟರ್ಮನ್ ಕಥೆ ಹೇಳಬೇಕು ಅನ್ನಿಸಿತು. ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಟರ್ಮನ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೇಷ್ಟ್ರು. ಇವತ್ತು ಸಿಲಿಕಾನ್ ವ್ಯಾಲಿ ಅನ್ನುವ ಅಲ್ಲಿನ ಕಣಿವೆ ತುಂಬಾ ಆಗ ಹಣ್ಣಿನ ತೋಟ. ಓದಿ ಮುಗಿಸಿದ ಹುಡುಗರು ಕೆಲಸ ಹುಡುಕಿಕೊಂಡು ದೇಶದ ಪೂರ್ವದ ತುದಿಗೆ ಹೋಗುತ್ತಿದ್ದರು. ನಮ್ಮ ಹುಡುಗರು ಸರ್ಟಿಫಿಕೇಟ್ ಹಿಡಿದು ಬೆಂಗಳೂರು ಬಸ್ ಹತ್ತುವ ಹಾಗೆ. ಟರ್ಮನ್‌ಗೆ ಇದು ಸಹಿಸಲು ಆಗುತ್ತಿರಲಿಲ್ಲ. ಕೆಲಸಕ್ಕೆಂದು ಪೂರ್ವಕ್ಕೆ ಹೋಗಿದ್ದ ಡೇವಿಡ್ ಪ್ಯಾಕರ್ಡ್ ಎಂಬ ಶಿಷ್ಯನಿಗೆ ಫೆಲೋಶಿಪ್ ಹೊಂದಿಸಿ ವಾಪಸ್ ಕರೆಸಿಕೊಂಡರು. ವಿಲಿಯಂ ಹ್ಯೂಲೆಟ್ ಎಂಬ ಇನ್ನೊಬ್ಬ ಶಿಷ್ಯನ ಜೊತೆ ಸೇರಿ ಕಂಪನಿ ಮಾಡಿ ಅಂತ ಬೆನ್ನು ಬಿದ್ದರು. 1939ರಲ್ಲಿ ಕಾರ್ ನಿಲ್ಲಿಸುವ ಒಂದು ಶೆಡ್ಡಿನಲ್ಲಿ ಶುರುವಾದ ಆ ಕಂಪನಿಯ ಬಂಡವಾಳ 538 ಡಾಲರ್. ಅದೇ ಇವತ್ತಿನ ಎಚ್‌ಪಿ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಟರ್ಮನ್ ಹಾರ್ವರ್ಡ್‌ನಲ್ಲಿ ರೇಡಾರ್ ತಡೆಯುವ ಸಂಶೋಧನೆಯ ದೊಡ್ಡ ಪ್ರಯೋಗಾಲಯ ನಡೆಸಿದರು. ವಾಪಸ್ ಬಂದು ಡೀನ್ ಆದರು. ಆಮೇಲೆ 1955ರಿಂದ 1965ರವರೆಗೆ ಪ್ರೊವೋಸ್ಟ್, ಅಂದರೆ ವಿಶ್ವವಿದ್ಯಾಲಯದ ಆಡಳಿತದಲ್ಲಿ ಎರಡನೇ ಸ್ಥಾನ. 1951ರಲ್ಲಿ ವಿಶ್ವವಿದ್ಯಾಲಯದ ಜಾಗದಲ್ಲೇ ಕಂಪನಿಗಳಿಗೆ ಗುತ್ತಿಗೆ ಕೊಡುವ ಕೈಗಾರಿಕಾ ಪಾರ್ಕ್ ಶುರುವಾಯಿತು. ಸುತ್ತಲಿನ ಕಂಪನಿಗಳ ಎಂಜಿನಿಯರ್‌ಗಳು ಕೆಲಸ ಬಿಡದೆ ಬಂದು ಮಾಸ್ಟರ್ಸ್ ಓದುವ ವ್ಯವಸ್ಥೆಯೂ ಅವರ ಕಾಲದಲ್ಲೇ ಆಯಿತು.

ಸೇನೆಯ ದುಡ್ಡು ಅಲ್ಲಿಗೆ ಧಾರಾಳವಾಗಿ ಹರಿಯಿತು, ನಿಜ. ಆದರೆ ಆ 538 ಡಾಲರಿನ ಶೆಡ್ಡು ಸೇನೆಯ ದುಡ್ಡಿನದಲ್ಲ. ಒಬ್ಬ ಮೇಷ್ಟ್ರಿಗೆ ತನ್ನ ಹುಡುಗರು ಊರು ಬಿಟ್ಟು ಹೋಗುವುದು ನೋವಾಯಿತು, ಅಲ್ಲಿಂದ ಅದು ಶುರುವಾಯಿತು. ಟರ್ಮನ್ ಬಗ್ಗೆ ಇವತ್ತಿಗೂ ಜನ ಮಾತಾಡುವುದು ಅವರು ಎಷ್ಟು ವರ್ಷ ಡೀನ್ ಆಗಿದ್ದರು ಅಂತಲ್ಲ. ಆ ಕಣಿವೆಗೆ ಏನು ಬಂತು ಅಂತ.

ಅಮೆರಿಕದ ಮಾತು ಬೇಡ ಅಂದರೆ ನಮ್ಮ ರಾಜ್ಯಕ್ಕೇ ಬನ್ನಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಮರ ಇಲ್ಲೇ ಉಳಿದುಬಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಇಲ್ಲೇ ಎಣ್ಣೆ ತೆಗೆಯುವುದನ್ನು ಕಂಡುಕೊಂಡರು. ವಿಶ್ವೇಶ್ವರಯ್ಯನವರು ದಿವಾನರು, 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, 1918ರಲ್ಲಿ ಸಾಬೂನು. ನಮ್ಮ ಬಚ್ಚಲುಮನೆಯಲ್ಲಿ ಇವತ್ತಿಗೂ ಇರುವ ಮೈಸೂರು ಸ್ಯಾಂಡಲ್ ಸಾಬೂನಿನ ಹಿಂದೆ ಒಂದು ಪ್ರಯೋಗಾಲಯದ ಕೆಲಸ ಇದೆ.

ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ವಿಜ್ಞಾನ ಮುಟ್ಟಿಸುವ ಕೆಲಸ. ಅವರು ವಿದ್ಯುತ್ ರಸಾಯನ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದವರು. ಅಲ್ಲೇ ಇದ್ದು ಪ್ರಬಂಧ ಬರೆದುಕೊಂಡಿರಬಹುದಿತ್ತು. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಗೆ ಹೋದರು. ಅಲ್ಲಿನ ಹೆಂಗಸರು ಸೌದೆಗೆ ಎಷ್ಟು ಹೊತ್ತು ಅಲೆಯುತ್ತಾರೆ ಅಂತ ಲೆಕ್ಕ ಹಾಕಿಸಿದರು. ಅಸ್ತ್ರ ಒಲೆ ಬಂದದ್ದು ಆ ಕೇಂದ್ರದಿಂದ. ಮೂರು ಪಾತ್ರೆ ಒಟ್ಟಿಗೆ ಇಡುವ, ಹೊಗೆ ಕೊಳವೆಯಿಂದ ಹೊರಗೆ ಹೋಗುವ ಒಲೆ. ನಮ್ಮ ಅಜ್ಜಿ ಮನೆಯಲ್ಲಿ ಅದು ಬಂದ ಮೇಲೆ ಅಡುಗೆಮನೆಯ ಗೋಡೆಗೆ ಮೊದಲ ಸಲ ಸುಣ್ಣ ಬಳಿದರು. ಅಜ್ಜಿ ಬಂದವರನ್ನೆಲ್ಲ ಒಳಗೆ ಕರೆದು ಗೋಡೆ ಮುಟ್ಟಿ ನೋಡಿ ಅನ್ನುತ್ತಿದ್ದರು.

ಒಲೆ ಅಂದಾಗ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಎಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಮಂಡಕ್ಕಿ ಭಟ್ಟಿ ಆರಿಸಿಕೊಂಡಿದ್ದೆವು. ದಾವಣಗೆರೆಯವರಿಗೆ ಭಟ್ಟಿ ಏನು ಅಂತ ಹೇಳಬೇಕಿಲ್ಲ. ಕಾದ ಮರಳಿಗೆ ಅಕ್ಕಿ ಸುರಿದರೆ ಒಂದು ಕ್ಷಣದಲ್ಲಿ ಬಾಣಲೆ ತುಂಬಾ ಬಿಳಿ ಹೂ ಅರಳಿದ ಹಾಗೆ ಉಬ್ಬುತ್ತದೆ. ನೋಡಲು ಚೆಂದ. ಒಳಗೆ ನಿಂತು ಹತ್ತು ನಿಮಿಷ ಉಸಿರಾಡುವುದು ಕಷ್ಟ. ಆಗ ಹಳೇ ಟೈರ್ ಉರಿಸುತ್ತಿದ್ದ ಭಟ್ಟಿಗಳೂ ಇದ್ದವು. ನಾವು ಹೋದ ಭಟ್ಟಿಯಲ್ಲಿ ಒಬ್ಬ ಖಾಲಾ ಇದ್ದರು. ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು. ಎರಡು ಮಾತಿಗೊಮ್ಮೆ ಕೆಮ್ಮು. ಮೊಣಕೈವರೆಗೆ ಬಿಸಿ ಮರಳು ಸಿಡಿದ ಸಣ್ಣ ಸಣ್ಣ ಕಲೆ. ನಾನು ಥರ್ಮಾಮೀಟರ್ ಹಿಡಿದು ಬರೆದುಕೊಳ್ಳುವುದನ್ನು ನೋಡಿ ಕೇಳಿದರು: "ಇದೆಲ್ಲ ಬರ್ಕೊಂಡು ಏನ್ ಮಾಡ್ತೀಯವ್ವಾ?" ಹೊಗೆ ಕಡಿಮೆ ಮಾಡುವ ಭಟ್ಟಿ ಹೇಗೆ ಕಟ್ಟಬಹುದು ಅಂತ ಲೆಕ್ಕ ಹಾಕುತ್ತೇವೆ ಖಾಲಾ, ಆಮೇಲೆ ಬಂದು ತೋರಿಸುತ್ತೇವೆ ಅಂದೆ. ಅವರು ಒಂದು ಪೇಪರ್ ಪೊಟ್ಟಣದ ತುಂಬಾ ಬಿಸಿ ಮಂಡಕ್ಕಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ರಿಪೋರ್ಟ್ ಬರೆದೆವು. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ. ಪರೀಕ್ಷಕರು ಪುಟದ ಅಂಚು ಎಷ್ಟು ಬಿಟ್ಟಿದ್ದೀರಿ, ಚಿತ್ರಗಳ ಪಟ್ಟಿ ಎಲ್ಲಿ ಅಂತ ಕೇಳಿದರು. ಆ ಲೆಕ್ಕ ಭಟ್ಟಿಯವರಿಗೆ ಕೊಟ್ಟಿರಾ ಅಂತ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಹೋಗುತ್ತಿದ್ದೆ. ಒಳ್ಳೆ ಅಂಕ ಬಂತು. ನಾನು ಖಾಲಾ ಹತ್ತಿರ ವಾಪಸ್ ಹೋಗಲಿಲ್ಲ. ನಿನ್ನೆ ಆ ರೈತರು ಕೇಳಿದಾಗ ನನಗೆ ಮಾತು ಹೊರಡದೇ ಇದ್ದದ್ದು ಇದಕ್ಕೇ. ಪ್ರಶ್ನೆ ವೇದಿಕೆಯ ಮೇಲಿದ್ದವರಿಗೆ ಮಾತ್ರ ಇರಲಿಲ್ಲ.

ಕೆಳಗೆ ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. ವಿಶ್ವವಿದ್ಯಾಲಯ ಕೃಷಿ ಇಲಾಖೆ ಅಲ್ಲ ಮೇಡಂ. ಅರ್ಧ ಹುದ್ದೆ ಖಾಲಿ, ಅತಿಥಿ ಉಪನ್ಯಾಸಕರಿಂದ ನಡೆಯುತ್ತಿದೆ, ಗುಣಮಟ್ಟಕ್ಕೆ ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಗೆ ಕಡತ ತುಂಬುವುದರಲ್ಲೇ ವರ್ಷ ಮುಗಿಯುತ್ತದೆ. ಮೂಲ ವಿಜ್ಞಾನ ಬೇಡವಾ? ಎಲ್ಲವೂ ಒಲೆ, ಮೀಟರ್ ಆಗಬೇಕಾ?

ಮೂಲ ವಿಜ್ಞಾನ ಬೇಕೇ ಬೇಕು. ನಕ್ಷತ್ರದ ಬಗ್ಗೆ ಕೆಲಸ ಮಾಡುವವರಿಗೆ ಮೆಕ್ಕೆಜೋಳಕ್ಕೆ ಬನ್ನಿ ಅಂತ ನಾನು ಹೇಳುತ್ತಿಲ್ಲ. ಹುದ್ದೆ ಖಾಲಿ ಇರುವ ನೋವು ನನಗೂ ಗೊತ್ತು, ನನ್ನ ಜೊತೆಯವರು ಹತ್ತು ವರ್ಷದಿಂದ ಅತಿಥಿಗಳಾಗಿಯೇ ಇದ್ದಾರೆ. ಆದರೆ ಸಂಶೋಧನೆಗೆ ಅಂತಲೇ ಒಂದು ಕುರ್ಚಿ, ಒಂದು ಕಚೇರಿ, ಸಹಿ ಮಾಡುವ ಅಧಿಕಾರ ಇದ್ದವರ ಮಾತು ಬೇರೆ. ವರ್ಷಕ್ಕೆ ಒಂದು ದಿನ ಎಪಿಎಂಸಿ ಅಂಗಳದಲ್ಲಿ ಮೇಜು ಹಾಕಿ "ನಿಮ್ಮ ತೊಂದರೆ ಏನು, ಹೇಳಿ" ಅಂತ ಕೂರಲು ಎಷ್ಟು ಅನುದಾನ ಬೇಕು? ಬಂದ ಹತ್ತು ತೊಂದರೆಯಲ್ಲಿ ಎರಡನ್ನು ಎಂ.ಟೆಕ್ ಹುಡುಗರಿಗೆ ಹಂಚಲು ಯಾರ ಅಪ್ಪಣೆ ಬೇಕು? ಇದು ಆಗದೇ ಇರುವುದು ದುಡ್ಡಿಲ್ಲದೆ ಅಂತ ನಾನು ಒಪ್ಪುವುದಿಲ್ಲ. ಯಾರೂ ಕೇಳುವುದಿಲ್ಲ, ಅದಕ್ಕೇ ಆಗುವುದಿಲ್ಲ. ಬಡ್ತಿಗೆ ಕೇಳುವುದಿಲ್ಲ, ಸಂದರ್ಶನದಲ್ಲಿ ಕೇಳುವುದಿಲ್ಲ, ಕೊನೆಗೆ ಶಾಲು ಹೊದಿಸುವಾಗಲೂ ಕೇಳುವುದಿಲ್ಲ.

ಈ ಊರಿಗೆ ವಿದ್ಯೆ ಹೊಸದಲ್ಲ. 1951ರಲ್ಲೇ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಆಗ ಈ ಊರು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು. ನನ್ನ ಅಪ್ಪ ಗಿರಣಿಯ ಸೈರನ್ ಕೇಳಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲೇತ್ ಕಾರ್ಖಾನೆಯೂ ಮುಚ್ಚಿತು. ಕಾಲೇಜುಗಳು ಮಾತ್ರ ಹೆಚ್ಚಾದವು. 2009ರಲ್ಲಿ ನಮಗೆ ನಮ್ಮದೇ ವಿಶ್ವವಿದ್ಯಾಲಯವೂ ಬಂತು. ಆವತ್ತು ನಾವೆಲ್ಲ ಎಷ್ಟು ಖುಷಿಪಟ್ಟೆವು, ನೆನಪಿದೆ ಅಲ್ವಾ? ಇಷ್ಟೊಂದು ಓದಿದವರಿರುವ ಊರಿನಲ್ಲಿ ಆ ರೈತರಿಗೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಸಮಾರಂಭ ಮುಗಿದ ಮೇಲೆ ಆ ಹಿರಿಯರಿಗೆ ನಮಸ್ಕಾರ ಮಾಡಲು ಸಾಲಿನಲ್ಲಿ ನಿಂತೆ. ನನ್ನ ಮುಂದೆ ಆ ರೈತರು. ಪ್ರಶ್ನೆ ಕೇಳಲಿಲ್ಲ. "ಚೆನ್ನಾಗಿರಪ್ಪ" ಅಂದು ಕೈ ಹಿಡಿದುಕೊಂಡರು. ನಾನೂ ಕೇಳಲಿಲ್ಲ.

ಹೊರಗೆ ಬಂದು ರೈತರ ಹತ್ತಿರ ಉಳಿದ ಮೂರು ಕಾಳು ಕೇಳಿ ತಗೊಂಡೆ. ಫೋನ್ ನಂಬರೂ ತಗೊಂಡೆ. ಈಗ ನನ್ನ ಮೇಜಿನ ಮೇಲೆ ಪೆನ್ಸಿಲ್ ಡಬ್ಬಿಯ ಪಕ್ಕದಲ್ಲಿ ಆ ಕಾಳುಗಳಿವೆ. ಬೆಳಿಗ್ಗೆ ಕ್ಲಾಸಿಗೆ ಹೋಗಿ ಹುಡುಗರ ಮುಂದೆ ಇಟ್ಟೆ. ಒಬ್ಬ ಹುಡುಗ ಹಲ್ಲಿಗಿಡಲು ಹೋದ, ಅವನ ಮನೆಯಲ್ಲೂ ಹಾಗೇ ನೋಡುತ್ತಾರಂತೆ. ಆರು ಜನ ಹೆಸರು ಕೊಟ್ಟಿದ್ದಾರೆ. ಶನಿವಾರ ಮಧ್ಯಾಹ್ನ ಎಪಿಎಂಸಿಗೆ ಹೋಗುತ್ತೇವೆ. ಒಂದೇ ರಾಶಿಯ ಕಾಳನ್ನು ನಾಲ್ಕು ಅಂಗಡಿಯ ಮೀಟರ್‌ನಲ್ಲಿ ಅಳೆಸಿ, ಆಮೇಲೆ ಲ್ಯಾಬಿನ ಓವನ್‌ನಲ್ಲಿ ಒಣಗಿಸಿ ತೂಕ ನೋಡುವುದು ಅಂತ ಮಾಡಿದ್ದೇವೆ. ಬಂದ ಅಂಕಿಯನ್ನು ಮೊದಲು ಅವರಿಗೇ ಫೋನ್ ಮಾಡಿ ಹೇಳುತ್ತೇನೆ.

ಅದಕ್ಕೂ ಮೊದಲು ಭಟ್ಟಿಗೆ ಹೋಗಬೇಕು. ಖಾಲಾ ಈಗ ಇದ್ದಾರೋ ಇಲ್ಲವೋ. ಆ ಕಪ್ಪು ರಿಪೋರ್ಟ್ ಅಟ್ಟದ ಮೇಲಿದೆ, ಇಳಿಸಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಕಾಳಿನ ತೇವಾಂಶ ನೋಡುವ ಮೀಟರ್ ಇದ್ದರೆ ಎರಡು ದಿನಕ್ಕೆ ಕೊಡಿ. ಜೋಪಾನವಾಗಿ ವಾಪಸ್ ಮುಟ್ಟಿಸುತ್ತೇನೆ.