ಲೆಕ್ಕ ಕೇಳುವವರ ಲೆಕ್ಕ

"ಪ್ರಾಣಿಗಳ ಹೆಸರಲ್ಲಿ ಎತ್ತುವ ದುಡ್ಡಿನಲ್ಲಿ ನೂರಕ್ಕೆ ಒಂದು ರೂಪಾಯಿಯೂ ಆಶ್ರಯ ಕೇಂದ್ರಗಳಿಗೆ ಹೋಗಲ್ಲ." ಈ ಅರ್ಥದ ಇಂಗ್ಲಿಷ್ ಪೋಸ್ಟರ್ ಒಂದು ಕೋಲಾರದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೂ ಬಂತು. ಬಂದ ಸಂದರ್ಭ ನೋಡಿ. ಹೈವೇಯಲ್ಲಿ ಕಾಲು ಮುರಿದುಕೊಂಡಿದ್ದ ನಾಯಿಯನ್ನು ಕಾಲೇಜು ಹುಡುಗಿಯೊಬ್ಬಳು ಆಟೋದಲ್ಲಿ ಪಶು ಆಸ್ಪತ್ರೆಗೆ ಸಾಗಿಸಿ, ಔಷಧಿ ಖರ್ಚಿಗೆ ಆದಷ್ಟು ಹಾಕಿ ಅಂತ ಕೇಳಿದ್ದಳು. ಅದಕ್ಕೆ ಉತ್ತರವಾಗಿ ಹಿರಿಯರೊಬ್ಬರು ಈ ಪೋಸ್ಟರ್ ಹಾಕಿದರು. "ಎಲ್ಲಾ ದಂಧೆ, ಯಾರೂ ದುಡ್ಡು ಹಾಕಬೇಡಿ" ಅಂತ ಕೆಳಗೆ ಒಂದು ಸಾಲು. "ಅಂಕಲ್, ಆಟೋಗೆ ಕೊಟ್ಟಿದ್ದು ನನ್ನದೇ ದುಡ್ಡು, ಮೆಡಿಕಲ್ ಬಿಲ್ ಹಾಕ್ಲಾ?" ಅಂತ ಹುಡುಗಿ ಕೇಳಿದಳು. ಅಂಕಲ್ ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಆ ನೂರಕ್ಕೆ ಒಂದರ ಮಾತಿಗೆ ದೊಡ್ಡ ಚರಿತ್ರೆ ಇದೆ. ಅಮೆರಿಕದಲ್ಲಿ ರಿಚರ್ಡ್ ಬರ್ಮನ್ ಅನ್ನುವ ಲಾಬಿಗಾರ 1995ರಲ್ಲಿ ಒಂದು ಸಂಸ್ಥೆ ಕಟ್ಟಿದ. ಆರಂಭದ ದುಡ್ಡು ಕೊಟ್ಟಿದ್ದು ಸಿಗರೇಟು ಕಂಪನಿ ಫಿಲಿಪ್ ಮಾರಿಸ್. ಹೋಟೆಲುಗಳಲ್ಲಿ ಸಿಗರೇಟು ಸೇದುವುದಕ್ಕೆ ಬರುತ್ತಿದ್ದ ನಿಷೇಧ ತಡೆಯುವುದು ಆಗಿನ ಕೆಲಸ. ಆಮೇಲೆ ಅದೇ ಸಂಸ್ಥೆ 'ಸೆಂಟರ್ ಫಾರ್ ಕನ್ಸ್ಯೂಮರ್ ಫ್ರೀಡಂ' ಅಂತ ಹೆಸರು ಬದಲಾಯಿಸಿಕೊಂಡಿತು. ಗ್ರಾಹಕರ ಸ್ವಾತಂತ್ರ್ಯವಂತೆ! ರೆಸ್ಟೋರೆಂಟುಗಳು ಮತ್ತು ಆಹಾರ ಕಂಪನಿಗಳು ನಮಗೆ ಬೆಂಬಲ ಕೊಡುತ್ತವೆ ಅಂತ ಅವರೇ ಹೇಳಿಕೊಳ್ಳುತ್ತಾರೆ. ಯಾವ ಕಂಪನಿ, ಎಷ್ಟು ದುಡ್ಡು ಅಂತ ಮಾತ್ರ ಹೇಳಲ್ಲ.

2014ರಲ್ಲಿ ಬರ್ಮನ್ ತೈಲ ಕಂಪನಿಗಳವರ ಮುಂದೆ ಮಾಡಿದ ಭಾಷಣವನ್ನು ಅಲ್ಲಿದ್ದ ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿ ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟರು. ಗೆಲ್ಲಬೇಕಾದರೆ ಕೊಳಕಾಗಿಯೇ ಗೆಲ್ಲಬೇಕು, ಚೆಂದವಾಗಿ ಹೋದರೆ ಸೋಲೇ ಗತಿ ಅನ್ನುವುದು ಅದರ ಸಾರ. ದುಡ್ಡು ಕೊಟ್ಟವರ ಹೆಸರು ಹೊರಗೆ ಬರಲ್ಲ, ಎಲ್ಲಾ ಲಾಭರಹಿತ ಸಂಸ್ಥೆಗಳ ಮೂಲಕವೇ ನಡೆಸುತ್ತೇವೆ ಅಂತಲೂ ಭರವಸೆ ಕೊಟ್ಟಿದ್ದ. ಅಲ್ಲಿನ ಕಾನೂನಿನಲ್ಲಿ ಅಂಥ ಸಂಸ್ಥೆಗಳು ದಾನಿಗಳ ಹೆಸರನ್ನು ಸಾರ್ವಜನಿಕರಿಗೆ ತಿಳಿಸಬೇಕಾಗಿಲ್ಲ. ಇನ್ನೊಂದು ತಮಾಷೆ ಕೇಳಿ. ಆ ಸಂಸ್ಥೆಯ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಬರ್ಮನ್‌ನ ಸ್ವಂತ ಪ್ರಚಾರ ಕಂಪನಿಗೇ. ಪ್ರಾಣಿ ಸಂಘದವರು ದಾನದ ದುಡ್ಡು ತಿಂತಾರೆ ಅಂತ ಊರಿಗೆಲ್ಲ ಸಾರಿದ್ದು ಇವರು!

ನೂರಕ್ಕೆ ಒಂದರ ಮಾತು ಇವರ 'ಹ್ಯೂಮೇನ್‌ವಾಚ್' ಪ್ರಚಾರದ್ದು. ಅದು ಶುರುವಾದದ್ದು 2010ರಲ್ಲಿ, ಗುರಿ ಅಮೆರಿಕದ ದೊಡ್ಡ ಪ್ರಾಣಿ ಸಂಘ ಹ್ಯೂಮೇನ್ ಸೊಸೈಟಿ (2025ರಿಂದ ಅದರ ಹೆಸರು ಹ್ಯೂಮೇನ್ ವರ್ಲ್ಡ್ ಫಾರ್ ಅನಿಮಲ್ಸ್). ಅದಕ್ಕೆ ಸ್ವಲ್ಪ ಮುಂಚೆ, 2008ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು ಒಂದು ಕಾನೂನಿಗೆ ಓಟು ಹಾಕಿ ಗೆಲ್ಲಿಸಿದ್ದರು. ಮೊಟ್ಟೆ ಕೋಳಿ, ಗಬ್ಬದ ಹಂದಿ, ಮಾಂಸಕ್ಕೆ ಸಾಕುವ ಕರು, ಇವು ಎದ್ದು ನಿಂತು, ಮಲಗಿ, ಕೈಕಾಲು ಚಾಚಿ, ಸುತ್ತ ತಿರುಗುವಷ್ಟಾದರೂ ಜಾಗ ಇರಬೇಕು ಅನ್ನುವ ಕಾನೂನು. ಅದರ ಹಿಂದೆ ಮುಂಚೂಣಿಯಲ್ಲಿ ನಿಂತಿದ್ದದ್ದು ಇದೇ ಹ್ಯೂಮೇನ್ ಸೊಸೈಟಿ. ನಾಯಿ ಬೆಕ್ಕಿಗೆ ಸೂರು ಕಟ್ಟಿಸುವುದು ಅವರ ಮುಖ್ಯ ಕೆಲಸವೇ ಅಲ್ಲ. ಕಾನೂನು, ಕೋರ್ಟು, ತನಿಖೆ, ಪ್ರಚಾರ, ಇದಕ್ಕೆ ಅವರು ಖರ್ಚು ಮಾಡುವುದು. ಅಂಥವರನ್ನು ಆಶ್ರಯ ಕೇಂದ್ರಗಳಿಗೆ ಎಷ್ಟು ಹಂಚಿದಿರಿ ಅಂತ ಕೇಳುವುದು, ನಮ್ಮ ಶಾಶ್ವತ ನೀರಾವರಿ ಹೋರಾಟ ಸಮಿತಿಯನ್ನು ಎಷ್ಟು ಬೋರ್‌ವೆಲ್ ಕೊರೆಸಿದ್ದೀರಿ ಅಂತ ಕೇಳಿದ ಹಾಗೆ. ಉತ್ತರ ಸೊನ್ನೆ. ಆದರೆ ಅಷ್ಟಕ್ಕೇ ಸಮಿತಿ ಕಳ್ಳ ಆಗಿಬಿಡುತ್ತದಾ?

ಹಸಿ ಸುಳ್ಳಾಗಿದ್ದರೆ ಹಿಡಿಯುವುದು ಸುಲಭ ಇತ್ತು. ಇಲ್ಲಿ ಅಂಕಿ ಸುಳ್ಳಲ್ಲ, ಕೇಳಿದ ಪ್ರಶ್ನೆಯಲ್ಲೇ ಮೋಸ.

ಹಾಗಂತ ಈ ದೊಡ್ಡ ಸಂಘದವರೆಲ್ಲ ಸಾಚಾ ಅಂತ ನಾನು ವಕಾಲತ್ತು ಹಾಕುತ್ತಿಲ್ಲ. ಸರ್ಕಸ್ ಆನೆಗಳ ವಿಷಯದಲ್ಲಿ ನಡೆದ ಕೇಸಿನಲ್ಲಿ ಮುಖ್ಯ ಸಾಕ್ಷಿಗೆ ದುಡ್ಡು ಹೋಗಿತ್ತು ಅಂತ ಬಯಲಾಗಿ, 2014ರಲ್ಲಿ ಹ್ಯೂಮೇನ್ ಸೊಸೈಟಿ ಮತ್ತು ಜೊತೆಯವರು ಸರ್ಕಸ್ ಕಂಪನಿಗೆ 1.575 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. 2018ರಲ್ಲಿ ಅದರ ಮುಖ್ಯಸ್ಥ ಲೈಂಗಿಕ ಕಿರುಕುಳದ ಆರೋಪ ಹೊತ್ತು ರಾಜೀನಾಮೆ ಕೊಟ್ಟ. ಪೆಟಾ ಅನ್ನುವ ಇನ್ನೊಂದು ಪ್ರಾಣಿ ಸಂಘದ ವರ್ಜೀನಿಯಾ ಕೇಂದ್ರದಲ್ಲಿ ಬಹಳಷ್ಟು ಪ್ರಾಣಿಗಳಿಗೆ ದಯಾಮರಣ ಕೊಡುತ್ತಾರೆ ಅನ್ನುವುದು ಸರ್ಕಾರಕ್ಕೆ ಅವರೇ ಸಲ್ಲಿಸುವ ಲೆಕ್ಕದಲ್ಲಿದೆ. ಬೇರೆಯವರು ಬೇಡ ಅಂದ, ವಾಸಿಯಾಗದ ಪ್ರಾಣಿಗಳು ನಮ್ಮ ಹತ್ತಿರ ಬರುತ್ತವೆ ಅನ್ನುವುದು ಅವರ ಸಮಜಾಯಿಷಿ. ಒಪ್ಪೋರು ಒಪ್ಪಲಿ, ಬಿಡೋರು ಬಿಡಲಿ. ಇದನ್ನೆಲ್ಲ ಪತ್ರಕರ್ತರು ಕೇಳಲಿ, ದುಡ್ಡು ಕೊಟ್ಟವರು ಕೇಳಲಿ. ಆಹಾರ ಕಂಪನಿಗಳ ದುಡ್ಡು ಇಸ್ಕೊಂಡು, ಹೆಸರು ಮುಚ್ಚಿಟ್ಟು, ನಾಯಿಗಾಗಿ ಕಣ್ಣೀರು ಹಾಕುವವರು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರಿಗೆ ಬೇಕಾಗಿರುವುದು ನಾಯಿ ಅಲ್ಲ. ಕೋಳಿ ಗೂಡಿನ ಬಗ್ಗೆ ಯಾರೂ ಬಾಯಿ ಬಿಡಬಾರದು, ಅಷ್ಟೇ.

ಇದರಲ್ಲಿ ನನಗೆ ಜಾಸ್ತಿ ಚುಚ್ಚುವುದು ಪ್ರಾಣಿ ಸಂಘದವರು 'ರೈತರ ಹೊಟ್ಟೆ ಮೇಲೆ ಹೊಡೀತಾರೆ' ಅನ್ನುವ ಮಾತು. ಆ ಮಾತು ನಮ್ಮಲ್ಲೂ ಓಡುತ್ತದೆ. ಚಿಂತಾಮಣಿ ಕಡೆ ನಮ್ಮ ಭಾವನದು ಬ್ರಾಯ್ಲರ್ ಶೆಡ್ ಇದೆ. ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ಕೆಳಗೆ ಹರಡುವ ಭತ್ತದ ಹೊಟ್ಟು, ರಾತ್ರಿ ನಿದ್ದೆಗೆಡುವುದು, ಇಷ್ಟು ಭಾವನದು. ನಲವತ್ತು ದಿನದ ಆಸುಪಾಸಿನಲ್ಲಿ ಕಂಪನಿ ಲಾರಿ ಬಂದು ಕೋಳಿ ಎತ್ತಿಕೊಂಡು ಹೋಗುತ್ತದೆ, ಕೆಜಿ ಲೆಕ್ಕದಲ್ಲಿ ಸಾಕಿದ ಕೂಲಿ ಬರುತ್ತದೆ. ಮರಿ ಜಾಸ್ತಿ ಸತ್ತರೆ, ಫೀಡು ಜಾಸ್ತಿ ತಿಂದರೆ, ಅದರಲ್ಲೂ ಕಡಿತ. ಏಪ್ರಿಲ್ ಬಿಸಿಲಿಗೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವಾಗ ನಮ್ಮಕ್ಕ ಗೋಣಿಚೀಲ ನೆನೆಸಿ ನೆನೆಸಿ ಜಾಲರಿಗೆ ಕಟ್ಟುತ್ತಾಳೆ. ಕೋಳಿ ಚೆನ್ನಾಗಿರಬೇಕು ಅನ್ನೋದು ಅವಳಿಗಿಂತ ಜಾಸ್ತಿ ಯಾರಿಗೆ ಬೇಕು? ಶೆಡ್ಡಿಗೆ ಎಷ್ಟು ಮರಿ ಬಿಡಬೇಕು, ಯಾವ ತಳಿ, ಯಾವತ್ತು ಎತ್ತಬೇಕು, ಇದ್ಯಾವುದೂ ಅವಳ ಕೈಯಲ್ಲಿಲ್ಲ. ಆದರೆ ಜಾಗ ಜಾಸ್ತಿ ಕೊಡಿ ಅಂತ ಯಾರಾದರೂ ಕೇಳಿದ ಕೂಡಲೇ ಮುಂದಕ್ಕೆ ತಳ್ಳುವುದು ಇವಳ ಮುಖವನ್ನೇ.

ನಮ್ಮ ದೇಶದಲ್ಲೂ ಕೇಳಿದ್ದಾರೆ. ಮೊಟ್ಟೆ ಕೋಳಿಯನ್ನು ಎ4 ಹಾಳೆಗಿಂತ ಚಿಕ್ಕ ಜಾಗದಲ್ಲಿ ತಂತಿ ಗೂಡಿನೊಳಗೆ ಜೀವನಪೂರ್ತಿ ಇಡುವ ಪದ್ಧತಿ ಬಗ್ಗೆ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿ ಕೊಟ್ಟಿತು. ಇದು ಕೇಂದ್ರ ಸರ್ಕಾರದ ಆಯೋಗ ಸ್ವಾಮಿ, ವಿದೇಶಿ ಎನ್‌ಜಿಒ ಅಲ್ಲ. ಇನ್ನು ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಹಿಂಸೆ ಕೊಟ್ಟು ಮೊದಲ ಸಲ ಸಿಕ್ಕಿಬಿದ್ದರೆ ಅದರಲ್ಲಿ ಬರೆದಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಎರಡು ಕಾಫಿ ದುಡ್ಡು. ಇದನ್ನು ಬದಲಾಯಿಸಿ ಅಂತ ದೆಹಲಿಗೆ ಅಲೆಯುವವರಿಗೆ ರೈಲು ಚಾರ್ಜು, ವಕೀಲರ ಫೀಸು ಬೇಕಲ್ವಾ? ಆ ಖರ್ಚನ್ನೂ ಪೋಸ್ಟರ್‌ನವರು 'ಪ್ರಾಣಿಗಳಿಗೆ ಹೋಗದ ದುಡ್ಡು' ಅಂತಲೇ ಬರೆದುಕೊಳ್ಳುತ್ತಾರೆ.

ಅನುಮಾನ ಇದ್ದರೆ ವಿಚಾರಿಸಿ, ಖಂಡಿತ ವಿಚಾರಿಸಿ. ಟ್ರಸ್ಟಿನ ನೋಂದಣಿ ಕೇಳಿ, ಆಡಿಟ್ ವರದಿ ಕೇಳಿ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡುವ 80ಜಿ ಇದೆಯಾ ನೋಡಿ. ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸುತ್ತೇವೆ ಅನ್ನುವವರಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯಾ ಅಂತ ನೋಡಿ. ದುಡ್ಡು ಹೊಡೆಯುವವರು ಈ ಕ್ಷೇತ್ರದಲ್ಲೂ ಇದ್ದಾರೆ. ಜೊತೆಗೆ ಪೋಸ್ಟರ್ ಮಾಡಿದವರು ಯಾರು, ಅವರಿಗೆ ದುಡ್ಡು ಕೊಟ್ಟವರು ಯಾರು ಅಂತಲೂ ಒಂದು ಸಲ ಹುಡುಕಿ. ಹೆಸರೇ ಸಿಗದಿದ್ದರೆ ಆ ಪೋಸ್ಟರ್ ದಯವಿಟ್ಟು ನನಗೆ ಕಳಿಸಬೇಡಿ.

ಇನ್ನು "ನೀನು ಕೋಳಿ ತಿನ್ನಲ್ವಾ" ಅಂತ ಕಾಮೆಂಟ್ ಹಾಕಲು ಕೂತಿರುವವರಿಗೆ: ತಿನ್ನುತ್ತೇನೆ. ಭಾನುವಾರ, ಮುದ್ದೆ ಜೊತೆ, ಅದೂ ಭಾವನ ಮನೆಯಲ್ಲೇ. ಅದರ ಜಗಳ ಬೇರೆ ದಿನ ಆಡೋಣ.