ಹಪ್ಪಳ ಉಂಟು

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ದೊಡ್ಡಮ್ಮ ಪ್ರತಿ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಮನೆಯಲ್ಲೇ ಮಾರುತ್ತಾರೆ. ಜಾಹೀರಾತು ಅಂದರೆ ಗೇಟಿಗೆ ಕಟ್ಟಿದ ಒಂದು ರಟ್ಟು, ಬಿಸ್ಕತ್ತಿನ ಪೆಟ್ಟಿಗೆ ಹರಿದು ಮಾಡಿದ್ದು. 'ಹಲಸಿನ' ಅಂತ ದೊಡ್ಡದಾಗಿ ಶುರು ಮಾಡಿ, ಕೊನೆಗೆ ಜಾಗ ಸಾಲದೆ 'ಉಂಟು' ಮೂಲೆಯಲ್ಲಿ ಮುದುರಿ ಕೂತಿತ್ತು.

ನನಗೆ ನಾಚಿಕೆಯಾಯಿತು. ಹೆದ್ದಾರಿ 66ರಲ್ಲಿ ದಿನಾ ಎಷ್ಟು ಕಾರು ಹೋಗುತ್ತವೆ, ಇದನ್ನು ಯಾರು ನೋಡುತ್ತಾರೆ? ಫ್ಲೆಕ್ಸ್ ಮಾಡಿಸಿಕೊಡುತ್ತೇನೆ ಅಂದೆ. "ನಿಂಗೆ ಬೇರೆ ಕೆಲಸ ಇಲ್ವಾ ಮಗಾ" ಅಂದರು. ಕೇಳಲಿಲ್ಲ.

ಫ್ಲೆಕ್ಸಿಗೆ ಚದರಡಿ ಲೆಕ್ಕ. ಮೂರಡಿಗೆ ಎರಡಡಿ ಸಾಕು ಅಂದೆ. ಫ್ಲೆಕ್ಸ್ ಅಂಗಡಿಯ ಹುಡುಗ ಎರಡೇ ನಿಮಿಷದಲ್ಲಿ ನೆಟ್ಟಿನಿಂದ ಒಂದು ಹಪ್ಪಳದ ಫೋಟೊ ಇಳಿಸಿದ. ಕಾಳುಮೆಣಸು ಹಾಕಿದ ಉದ್ದಿನ ಹಪ್ಪಳ, ಪಕ್ಕದಲ್ಲಿ ಸುಮ್ನೆ ಎರಡು ಪುದೀನ ಎಲೆ. ಹಲಸಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಮೇಲಿಂದ ನಾನು ವಾಟ್ಸಾಪಿನಲ್ಲಿ ಕಳಿಸಿದ ಅಕ್ಷರ ಅವನ ಕಂಪ್ಯೂಟರಿನಲ್ಲಿ ಒಡೆದು 'ಹಪ್‌ಪಳ' ಆಗಿತ್ತು. ಅವನು 'ನುಡಿ' ತಂತ್ರಾಂಶದಲ್ಲಿ ಪುನಃ ಟೈಪ್ ಮಾಡಿದ ಮೇಲೆಯೇ ಒತ್ತಕ್ಷರ ಜಾಗಕ್ಕೆ ಬಂತು.

ಫ್ಲೆಕ್ಸ್ ಕಟ್ಟಿದ ವಾರ ಎರಡು ಫೋನ್ ಬಂತು. ಒಬ್ಬರು "ಇದು ಯಾವ ಕಂಪೆನಿಯದ್ದು?" ಅಂತ ಕೇಳಿದರು. ಇನ್ನೊಬ್ಬರು ಏಜೆನ್ಸಿ ಕೊಡುತ್ತೀರಾ ಅಂದರು. ರಟ್ಟು ನೋಡಿ ನಿಲ್ಲುತ್ತಿದ್ದ ಕಾರುಗಳು ಈಗ ನಿಲ್ಲಲಿಲ್ಲ. ತಪ್ಪು ಅವರದ್ದಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಬಂದಾಗ ಉಡುಪಿಯಿಡೀ ಫ್ಲೆಕ್ಸು, ಎಲ್ಲದರಲ್ಲೂ ಒಂದೇ ಥರ ನಗುವ ಮುಖಗಳು, ಅದನ್ನೆಲ್ಲ ನೋಡಿ ನೋಡಿ ನಮ್ಮ ಕಣ್ಣಿಗೆ ಜಾರಿಕೊಂಡು ಹೋಗುವ ಅಭ್ಯಾಸ ಆಗಿದೆ ಅಲ್ವಾ.

ಮಲ್ಪೆ ಕಡೆಯ ಸಣ್ಣ ಮೀನೂಟದ ಹೋಟೆಲುಗಳ ಹೊರಗೆ ಒಂದು ಕಪ್ಪು ಹಲಗೆ ಇರುತ್ತದೆ. ಸೀಮೆಸುಣ್ಣದಲ್ಲಿ ಬಂಗುಡೆ, ಬೂತಾಯಿ, ಕಾಣೆ, ಅಂಜಲ್. ಮಧ್ಯಾಹ್ನ ಎರಡಕ್ಕೆ ಹೋದರೆ ಕಾಣೆ ಕಾಣೆಯಾಗಿರುತ್ತದೆ, ಬೆರಳಲ್ಲೇ ಒರೆಸಿದ ಗುರುತು, ಅರ್ಧ 'ಣೆ' ಇನ್ನೂ ಉಳಿದಿರುತ್ತದೆ. ನಾನು ಒಳಗೆ ಹೋಗುವುದು ಆ ಒರೆಸಿದ ಗುರುತು ನೋಡಿಯೇ. ಇದ್ದದ್ದು ಮುಗಿದಿದೆ ಅಂದರೆ, ಉಳಿದದ್ದು ಇವತ್ತಿನದ್ದೇ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದು ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಾಗಲೂ ಹೋಟೆಲಿನ ಫ್ಲೆಕ್ಸಿನ ಅಂಜಲ್ ಮಾತ್ರ ತವಾದ ಮೇಲೆ ಹೊಳೆಯುತ್ತಲೇ ಇರುತ್ತದೆ.

ಹಾಗಂತ ರಟ್ಟೇ ಶ್ರೇಷ್ಠ ಅನ್ನಲಾರೆ. ನಮ್ಮ ಮಳೆಗೆ ರಟ್ಟು ಒಂದು ಗಂಟೆ ತಡೆಯುವುದಿಲ್ಲ. ದೊಡ್ಡಮ್ಮನ ಅಕ್ಷರವೂ ಅಷ್ಟಕ್ಕಷ್ಟೆ, ಒಂದು ಸಲ 'ಹಪಳ' ಅಂತಲೇ ಬರೆದಿದ್ದರು.

ಮೇ ಕೊನೆಗೆ ಹಪ್ಪಳ ಮುಗಿಯಿತು. ಫ್ಲೆಕ್ಸಿನಲ್ಲಿ ಮಾತ್ರ 'ಉಂಟು' ಹಾಗೇ ಇತ್ತು. ಬಂದವರಿಗೆ ಇಲ್ಲ ಇಲ್ಲ ಅಂತ ಹೇಳಿ ಸಾಕಾಗಿ ದೊಡ್ಡಮ್ಮ ಅದನ್ನು ಬಿಚ್ಚಿ ಹಿತ್ತಲಿನ ಸೌದೆ ರಾಶಿಗೆ ಹೊದಿಸಿದರು. ಮೊನ್ನೆ ಆಟಿ ತಿಂಗಳ ಮಳೆಯಲ್ಲಿ ಹೋಗಿದ್ದೆ. ಸೌದೆ ಒಂದು ಚೂರೂ ಒದ್ದೆಯಾಗಿರಲಿಲ್ಲ. ಗೇಟಿನಲ್ಲಿ ಹೊಸ ರಟ್ಟು, ಮೇಲೆ ಹಾಲಿನ ಪ್ಲಾಸ್ಟಿಕ್ ತೊಟ್ಟೆ ಕತ್ತರಿಸಿ ಅಂಟಿಸಿದ್ದರು: 'ಪತ್ರೊಡೆ, ನಾಳೆ.'