ನಮ್ಮನ್ನು ಯಾರೂ ಯಾಕೆ ಕೇಳಲ್ಲ?

ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಬೈಬಲ್ ವಚನ ಬಂದು ಬೀಳುತ್ತದೆ. ಸೂರ್ಯ, ಪಾರಿವಾಳ, ಅದರ ಮೇಲೆ ಕೀರ್ತನೆಯ ಎರಡು ಸಾಲು. ಕಳಿಸುವವರು ನಮ್ಮ ಚರ್ಚಿನ ಸಭೆಯವರೇ, ಒಳ್ಳೆಯವರು. ಆದರೆ ಅರ್ಧಕ್ಕರ್ಧ ಜನ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದಾರೆ. ನಿಜ ಹೇಳ್ಬೇಕಂದ್ರೆ ನಾನೂ ಮಾಡಿದ್ದೇನೆ.

ಸಾಕ್ಷಿ ಕೊಡಿ, ಸುವಾರ್ತೆ ಸಾರಿ, ಅಂದರೆ ಯೇಸುವಿನ ಬಗ್ಗೆ ಜನಕ್ಕೆ ಹೇಳಿ ಅಂತ ಭಾನುವಾರ ಚರ್ಚಿನ ಪ್ರಸಂಗದಲ್ಲಿ ಕೇಳುತ್ತಲೇ ಬೆಳೆದವರು ನಾವು. ಅದಕ್ಕೆ ಆಗಾಗ ಎತ್ತಿಕೊಳ್ಳುವ ವಚನ ಬೈಬಲ್‌ನಲ್ಲಿರುವ ಪೇತ್ರನ ಮೊದಲ ಪತ್ರದ್ದು, 1 ಪೇತ್ರ 3:15. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಅದನ್ನೂ ಸಾತ್ವಿಕವಾಗಿ ಹೇಳಿ ಅನ್ನುವುದು ಅದರ ಸಾರ. ಪ್ರಸಂಗದಲ್ಲಿ ಒತ್ತು ಬೀಳುವುದು 'ಉತ್ತರ'ದ ಮೇಲೆ. 'ಕೇಳುವವರಿಗೆ' ಅನ್ನುವುದು ಸದ್ದಿಲ್ಲದೆ ಜಾರಿಹೋಗುತ್ತದೆ. ಆ ಪತ್ರ ಹೋಗಿದ್ದು ಇವತ್ತಿನ ಟರ್ಕಿ ಇರುವ ಕಡೆ ಚದುರಿ ಬದುಕುತ್ತಿದ್ದ, ಊರವರ ಬೈಗುಳ ತಿನ್ನುತ್ತಿದ್ದ ಕ್ರೈಸ್ತರ ಸಣ್ಣ ಸಣ್ಣ ಗುಂಪುಗಳಿಗೆ. ಇವರ ಬದುಕು ನೋಡಿದವರು ಕೇಳಿಯೇ ಕೇಳುತ್ತಾರೆ ಅಂತ ಬರೆದವನಿಗೆ ನಂಬಿಕೆ ಇತ್ತು, ಅಲ್ವಾ?

ಹದಿನಾಲ್ಕು ವರ್ಷದ ನೌಕರಿಯಲ್ಲಿ ನನ್ನನ್ನು ಕೇಳಿದವರು ಒಬ್ಬರೇ. 2022ರಲ್ಲಿ, ಅಮ್ಮ ತೀರಿಕೊಂಡ ಮೇಲೆ. ಅಕೌಂಟ್ಸ್‌ನಲ್ಲಿರುವ ಗೆಳೆಯ ಟೀ ಕುಡಿಯುವಾಗ ಕೇಳಿದ, "ನೀವು ಅಷ್ಟು ಸಮಾಧಾನವಾಗಿ ಇದ್ರಲ್ಲ ಸರ್, ಹೇಗೆ?" ನಾನು "ಎಲ್ಲಾ ದೇವರಿಚ್ಛೆ ಬಿಡಿ" ಅಂದು ಟೀ ದುಡ್ಡು ಕೊಟ್ಟು ಎದ್ದುಬಂದೆ. ಆ ವರ್ಷವೇ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಿತ್ತು, ಸುಮ್ನೆ ಯಾಕೆ ರಗಳೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕಾಯ್ದೆ ಬರೀ ನೆಪ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕೂ ಇದೆ, ಗೆಳೆಯ ತಾನಾಗಿ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದು ಆಮಿಷವೂ ಅಲ್ಲ, ಒತ್ತಾಯವೂ ಅಲ್ಲ. ನನಗೆ ನಾಚಿಕೆಯಾಗಿತ್ತು, ಅಷ್ಟೇ.

ಅದಾದ ಮುಂದಿನ ಜನವರಿಯಲ್ಲಿ ತೆರಿಗೆ ಉಳಿಸಲು ಬಾಡಿಗೆ ರಸೀದಿ ಕೊಡಬೇಕಿತ್ತು. ನಾವಿರುವುದು ಮಾವನ ಮನೆಯಲ್ಲಿ, ಒಂದು ಪೈಸೆ ಬಾಡಿಗೆ ಕೊಡುವುದಿಲ್ಲ. ತಿಂಗಳಿಗೆ 8,000 ಅಂತ ಬರೆದರೆ ವರ್ಷಕ್ಕೆ 96,000, ಲಕ್ಷ ದಾಟದಿದ್ದರೆ ಮನೆ ಮಾಲೀಕರ ಪ್ಯಾನ್ ಕೇಳಲ್ಲ. ಮಾವನ ಕೈಲಿ ಹನ್ನೆರಡು ಸಹಿ ಹಾಕಿಸಿ ಅದೇ ಗೆಳೆಯನ ಟೇಬಲ್ ಮೇಲಿಟ್ಟೆ. ನಮ್ಮ ಮನೆಗೆ ಬಂದು ಊಟ ಮಾಡಿ ಹೋದವನು, ಅವನಿಗೆ ಎಲ್ಲಾ ಗೊತ್ತು. ನಗುತ್ತಾ ಅಂದ, "ಓ, ನೀವೂ ನಮ್ಮ ಹಾಗೇನೇ! ನಾನೇನೋ ಅಂದ್ಕೊಂಡಿದ್ದೆ."

ಅವನು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ನಮ್ಮ ಊರು ಮಂಗಳೂರು, ಜೆಪ್ಪು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಕ್ರೈಸ್ತರಾದವರಿಗೆ ಕುಲಕಸುಬು ಹೋಗುತ್ತಿತ್ತು, ಮನೆಯವರು ಹೊರಗೆ ಹಾಕುತ್ತಿದ್ದರು. ಹೊಟ್ಟೆಪಾಡಿಗೆ ಮಗ್ಗ ಬಂತು, ಅಚ್ಚುಕೂಟ ಬಂತು, ಹೆಂಚು ಬಂತು. ಅದರಲ್ಲಿ ವ್ಯಾಪಾರವೂ ಇತ್ತು, ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಎಲ್ಲಾ ಜಾತಿಯವರ ತಲೆಯ ಮೇಲೂ ಆ ಹೆಂಚು ಕೂತಿತು, ಮಳೆಗಾಲದಲ್ಲಿ ಸೋರದಿದ್ದರೆ ಸಾಕಿತ್ತು ಜನಕ್ಕೆ. ನನ್ನ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು.

ಅಮ್ಮನಿಗೆ ಪ್ರಸಂಗ ಮಾಡಲು ಬರುತ್ತಿರಲಿಲ್ಲ. ಪಕ್ಕದ ಮನೆ ಅಕ್ಕನ ಗಂಡ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದಾಗ ದಿನಾ ಗಂಜಿ ಕೊಂಡೊಯ್ದು ಕೊಟ್ಟರು, ಆ ಮನೆಯ ಇಬ್ಬರು ಮಕ್ಕಳನ್ನು ನಮ್ಮ ಜೊತೆಗೇ ಮಲಗಿಸಿಕೊಂಡರು (ಚಾಪೆಗೆ ನಮ್ಮಲ್ಲಿ ದಿನಾ ಜಗಳ). "ಇಷ್ಟೆಲ್ಲಾ ಯಾಕೆ ಮಾಡ್ತೀರಿ?" ಅಂತ ಆ ಅಕ್ಕ ಒಮ್ಮೆ ಕೇಳಿದರು. ಅಮ್ಮ ಜಗಲಿಯಲ್ಲಿ ಕೂತು ಹತ್ತು ನಿಮಿಷ ಯೇಸುವಿನ ಬಗ್ಗೆ ಹೇಳಿದರು, ತುಳುವಿನಲ್ಲಿ. ಮತ್ತೆ ಯಾವತ್ತೂ ಅದನ್ನು ಎತ್ತಲಿಲ್ಲ. ಆ ಅಕ್ಕ ಇವತ್ತಿಗೂ ತಮ್ಮ ಕುಟುಂಬದ ದೈವದ ಕೋಲಕ್ಕೆ ತಪ್ಪದೇ ಹೋಗುತ್ತಾರೆ. ಅಮ್ಮ ಹೋದ ರಾತ್ರಿ ಬೆಳಗಿನವರೆಗೂ ನಮ್ಮ ಮನೆಯಲ್ಲಿ ಕೂತಿದ್ದವರೂ ಅವರೇ. ಈ ವರ್ಷ ಎಷ್ಟು ಆತ್ಮಗಳು ಬಂದವು, ಅಂದರೆ ಎಷ್ಟು ಜನ ಹೊಸದಾಗಿ ನಂಬಿದರು ಅಂತ ಲೆಕ್ಕ ಕೊಡುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅಮ್ಮನನ್ನು ಯಾವ ಕಾಲಮ್ಮಿನಲ್ಲಿ ಹಾಕುತ್ತಾರೆ ಇವರು? ಕೆಲಸ ಸಿಗುತ್ತದೆ, ಕಾಯಿಲೆ ವಾಸಿಯಾಗುತ್ತದೆ ಅಂತ ಆಸೆ ಹುಟ್ಟಿಸಿ ಕರೆಯುವವರ ಬಗ್ಗೆಯಂತೂ ಮಾತೇ ಬೇಡ.

ಹಾಗಂತ ಒಳ್ಳೆಯವರಾಗಿದ್ದರೆ ಸಾಕು, ಬಾಯಿ ಬಿಡುವುದೇ ಬೇಡ ಅನ್ನುವವನಲ್ಲ ನಾನು. ಅಮ್ಮ ಬಾಯಿ ಬಿಟ್ಟಿದ್ದರು. ನಾನು ಬಿಡಲಿಲ್ಲ.

ಈ ಸಲ ರಸೀದಿ ಕೊಡಲಿಲ್ಲ. ಮಾರ್ಚ್ ಸಂಬಳದಲ್ಲಿ ತೆರಿಗೆ ಕಟ್ ಆಗಿದ್ದು ನೋಡಿ ಹೆಂಡತಿ "ಒಂದು ವಾಷಿಂಗ್ ಮಷಿನ್ ಬರ್ತಿತ್ತು" ಅಂದಳು. ಗೆಳೆಯನೂ ನೋಡಿರಲೇಬೇಕು, ಲೆಕ್ಕ ಹಾಕುವವನು ಅವನೇ. ದಿನಾ ಜೊತೆಗೇ ಟೀ ಕುಡಿಯುತ್ತೇವೆ. ಅವನು ಇನ್ನೂ ಏನೂ ಕೇಳಿಲ್ಲ.